ಹಳೆಯ ಬ್ಯಾಟರಿಗೆ ಹೊಸ ಸೋಲಾರ್ ಪ್ಯಾನೆಲ್: ಚಾರ್ಜ್ ಸಾಲದಿದ್ದಾಗ ದೋಷ ಹುಡುಕುವ ಕ್ರಮ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆಹುಳು ಸಾಕುವ ಹುಳುಮನೆಗಳಲ್ಲಿ, ಬಾಗೇಪಲ್ಲಿ ಮತ್ತು ಗುಡಿಬಂಡೆಯ ತೋಟದ ಮನೆಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಹಾಕಿಸಿದ ಸೋಲಾರ್ ವ್ಯವಸ್ಥೆಗಳು ಇಂದಿಗೂ ಬಳಕೆಯಲ್ಲಿವೆ. ಸಾಮಾನ್ಯವಾಗಿ ಅವುಗಳಲ್ಲಿ ಇರುವುದು 75 ಅಥವಾ 150 ವ್ಯಾಟಿನ ಒಂದೆರಡು ಪ್ಯಾನೆಲ್, 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿ (ಆಗಾಗ ನೀರು ಹಾಕಬೇಕಾದ ಸೀಸ-ಆಸಿಡ್ ಬ್ಯಾಟರಿ) ಮತ್ತು ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸಲು ಗೋಡೆಗೆ ಬಿಗಿದ ಒಂದು ಸಣ್ಣ ಚಾರ್ಜ್ ಕಂಟ್ರೋಲರ್. ಇಂಥ ವ್ಯವಸ್ಥೆಗೆ ಇನ್ನಷ್ಟು ಬಲ ಬೇಕೆಂದು ಅಂಗಡಿಗೆ ಹೋದರೆ ಈಗ ಸುಲಭವಾಗಿ ಸಿಗುವುದು 540 ವ್ಯಾಟಿನ ಆಸುಪಾಸಿನ ದೊಡ್ಡ ಪ್ಯಾನೆಲ್. ಅದರ ಬೆಲೆ ವ್ಯಾಟಿನ ಲೆಕ್ಕದಲ್ಲಿ ಕಡಿಮೆ ಬೀಳುವುದರಿಂದ ಜನ ಅದನ್ನೇ ತಂದು ಹಳೆಯ ವೈರಿಗೆ ಸೇರಿಸುತ್ತಾರೆ. ಕೆಲವು ದಿನಗಳಲ್ಲಿ ದೂರು ಶುರುವಾಗುತ್ತದೆ: ದೀಪ ಮೊದಲಿನಷ್ಟು ಹೊತ್ತೂ ಉರಿಯುತ್ತಿಲ್ಲ, ಬ್ಯಾಟರಿಯ ನೀರು ಬೇಗ ಇಳಿಯುತ್ತಿದೆ, ಇಲ್ಲವೇ ಕಂಟ್ರೋಲರ್ ಸತ್ತುಹೋಗಿದೆ.

ಇಂಥ ದೂರುಗಳಲ್ಲಿ ಹೆಚ್ಚಿನವಕ್ಕೆ ಪ್ಯಾನೆಲ್ ಕಾರಣವಲ್ಲ, ಬ್ಯಾಟರಿಯೂ ಕಾರಣವಲ್ಲ. ಎರಡೂ ಬೇರೆ ಬೇರೆಯಾಗಿ ಚೆನ್ನಾಗಿಯೇ ಇದ್ದು ಒಂದಕ್ಕೊಂದು ಹೊಂದದಿರುವುದೇ ದೋಷ. ಹೊಂದಾಣಿಕೆಯನ್ನು ವ್ಯಾಟಿನಲ್ಲಿ ನೋಡಿದರೆ ಅದು ಕಾಣುವುದಿಲ್ಲ. ವೋಲ್ಟೇಜ್ ಎಷ್ಟು, ಆಂಪಿಯರ್ ಎಷ್ಟು ಎಂದು ಬಿಡಿಸಿ ನೋಡಿದಾಗ ಮಾತ್ರ ಕಾಣುತ್ತದೆ. ಈ ಬರಹದ ಉದ್ದಕ್ಕೂ ಅನುಸರಿಸಿರುವುದು ಆ ಎರಡು ಸಂಖ್ಯೆಗಳನ್ನೇ.

ಮೊದಲು ಲೇಬಲ್ ಓದುವುದು

ಪ್ಯಾನೆಲಿನ ಹಿಂಬದಿಯ ಲೇಬಲ್ಲಿನಲ್ಲಿ ವ್ಯಾಟಿನ ಜೊತೆಗೆ ನಾಲ್ಕು ಸಂಖ್ಯೆಗಳಿರುತ್ತವೆ. ಯಾವ ಲೋಡೂ ಇಲ್ಲದಾಗ ಬರುವ ವೋಲ್ಟೇಜ್ ವಿಒಸಿ, ಪ್ಯಾನೆಲ್ ತನ್ನ ಪೂರ್ಣ ಶಕ್ತಿ ಕೊಡುವಾಗಿನ ವೋಲ್ಟೇಜ್ ವಿಎಂಪಿ, ಆಗ ಹರಿಯುವ ಕರೆಂಟು ಐಎಂಪಿ, ಎರಡು ತುದಿಗಳನ್ನು ನೇರವಾಗಿ ಸೇರಿಸಿದಾಗ ಹರಿಯುವ ಕರೆಂಟು ಐಎಸ್‌ಸಿ. 36 ಸೆಲ್ಲುಗಳ ಹಳೆಯ 12 ವೋಲ್ಟ್ ಪ್ಯಾನೆಲಿನಲ್ಲಿ ವಿಒಸಿ 21ರಿಂದ 22, ವಿಎಂಪಿ 17ರಿಂದ 18 ವೋಲ್ಟ್ ಇರುತ್ತದೆ. ಅದು 75 ವ್ಯಾಟಿನದಾದರೆ ಕರೆಂಟು 4.3 ಆಂಪಿಯರ್, 150 ವ್ಯಾಟಿನದಾದರೆ 8.3 ಆಂಪಿಯರ್ ಹತ್ತಿರ. ಹೊಸ 540 ವ್ಯಾಟಿನ ಪ್ಯಾನೆಲಿನಲ್ಲಿ ವಿಒಸಿ 49ರಿಂದ 50, ವಿಎಂಪಿ 41ರಿಂದ 42 ವೋಲ್ಟ್, ಐಎಂಪಿ 13 ಆಂಪಿಯರ್, ಐಎಸ್‌ಸಿ 14ಕ್ಕೆ ಸ್ವಲ್ಪ ಕಡಿಮೆ. ಇವೆರಡರ ನಡುವೆ 60 ಸೆಲ್ಲಿನ 250 ವ್ಯಾಟಿನವೂ 72 ಸೆಲ್ಲಿನ 330 ವ್ಯಾಟಿನವೂ ಬಂದುಹೋಗಿವೆ. ಅವುಗಳ ವಿಎಂಪಿ ಕ್ರಮವಾಗಿ 30 ಮತ್ತು 37 ವೋಲ್ಟಿನ ಆಸುಪಾಸಿನಲ್ಲಿರುತ್ತದೆ.

ಕಂಟ್ರೋಲರಿನ ಮೇಲೆ ನೋಡಬೇಕಾದವು ಮೂರು: ಅದು ತಾಳಿಕೊಳ್ಳುವ ಗರಿಷ್ಠ ಸೋಲಾರ್ ವೋಲ್ಟೇಜ್, ಗರಿಷ್ಠ ಆಂಪಿಯರ್, ಮತ್ತು ಅದು ಪಿಡಬ್ಲ್ಯೂಎಂ ಮಾದರಿಯದೋ ಎಂಪಿಪಿಟಿ ಮಾದರಿಯದೋ ಎಂಬುದು (ಇವೆರಡರ ವ್ಯತ್ಯಾಸ ಮುಂದೆ ಬರುತ್ತದೆ). ಸೋಲಾರ್ ಇನ್‌ವರ್ಟರ್ ಇರುವ ಮನೆಗಳಲ್ಲಿ ಕಂಟ್ರೋಲರ್ ಅದರ ಒಳಗೇ ಇರುತ್ತದೆಯಾದ್ದರಿಂದ ಇನ್‌ವರ್ಟರಿನ ಹಿಂಬದಿಯ ಲೇಬಲ್ಲನ್ನು ಓದಬೇಕು. 12 ವೋಲ್ಟಿನ ಹಲವು ಹಳೆಯ ಪೆಟ್ಟಿಗೆಗಳು ಸುಮಾರು 25 ವೋಲ್ಟಿಗಿಂತ ಹೆಚ್ಚಿನದನ್ನು ತಾಳುವುದಿಲ್ಲ. ಅಂಥದ್ದಕ್ಕೆ 49 ವೋಲ್ಟಿನ ಪ್ಯಾನೆಲ್ ಸೇರಿಸಿದರೆ ಮುಂದಿನ ಪರೀಕ್ಷೆಗೆ ಆಸ್ಪದವೇ ಉಳಿಯುವುದಿಲ್ಲ. ಲೇಬಲ್ ಅಳಿಸಿಹೋಗಿದ್ದರೆ ದೊಡ್ಡ ಪ್ಯಾನೆಲನ್ನು ಅದಕ್ಕೆ ಜೋಡಿಸಲೇಬಾರದು.

ದೊಡ್ಡ ಪ್ಯಾನೆಲ್ ಹಾಕಿದ ಮೇಲೆ ಚಾರ್ಜ್ ಕಡಿಮೆಯಾದರೆ

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ದೋಷ ಇದು. ನೋಡಿದವರು ಪ್ಯಾನೆಲ್ ಕಳಪೆಯದೆಂದು ತೀರ್ಮಾನಿಸಿಬಿಡುತ್ತಾರೆ. ಚಿಂತಾಮಣಿ ತಾಲ್ಲೂಕಿನ ಒಂದು ಹುಳುಮನೆಯಲ್ಲಿ 150 ವ್ಯಾಟಿನ ಎರಡು ಹಳೆಯ ಪ್ಯಾನೆಲ್‌ಗಳನ್ನು ಇಳಿಸಿ, ಅದೇ ವೈರಿಗೆ 540 ವ್ಯಾಟಿನ ಒಂದು ಪ್ಯಾನೆಲ್ ಹಾಕಲಾಗಿತ್ತು. ಬ್ಯಾಟರಿ 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ, ಅಂದರೆ ಬ್ಯಾಟರಿಯ ಸಾಮರ್ಥ್ಯ), ಕಂಟ್ರೋಲರ್ 20 ಆಂಪಿಯರಿನ ಪಿಡಬ್ಲ್ಯೂಎಂ. ರಾತ್ರಿ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿಗೆ ದೀಪ ಆರಿಹೋಗುತ್ತಿತ್ತು. "ಅಣ್ಣ, ಮುನ್ನೂರು ವ್ಯಾಟ್ ಇದ್ದಾಗಲೇ ಚೆನ್ನಾಗಿತ್ತು, ಇದೇನು ಹಿಂಗಾಯ್ತು?" ಎಂಬುದು ಮನೆಯವರ ಪ್ರಶ್ನೆ. ನಡುಮಧ್ಯಾಹ್ನ ಅಳೆದಾಗ ಬ್ಯಾಟರಿಯ ತುದಿಯಲ್ಲಿ 13.1 ವೋಲ್ಟ್, ಕಂಟ್ರೋಲರಿನ ಸೋಲಾರ್ ತುದಿಯಲ್ಲಿ 13.4 ವೋಲ್ಟ್, ಕರೆಂಟು 12.8 ಆಂಪಿಯರ್ ಇತ್ತು. ಗುಣಿಸಿದರೆ ಬರುವುದು 170 ವ್ಯಾಟು ಮಾತ್ರ.

ಅಲ್ಲಿ ಯಾವ ವಸ್ತುವೂ ಕೆಟ್ಟಿರಲಿಲ್ಲ. ಪಿಡಬ್ಲ್ಯೂಎಂ ಕಂಟ್ರೋಲರ್ ಪ್ಯಾನೆಲನ್ನು ಬ್ಯಾಟರಿಗೆ ನೇರವಾಗಿ ಸೇರಿಸುವ, ತುಂಬಿದಾಗ ಬಿಡಿಸುವ ಒಂದು ವೇಗದ ಸ್ವಿಚ್ಚು. ಸೇರಿಸಿದ ಕೂಡಲೇ ಪ್ಯಾನೆಲಿನ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜಿಗೆ ಇಳಿಯುತ್ತದೆ. ಪ್ಯಾನೆಲಿಗೆ 41 ವೋಲ್ಟಿನಲ್ಲಿ ಕೆಲಸ ಮಾಡುವ ಶಕ್ತಿಯಿದ್ದರೂ ಅದು 13 ವೋಲ್ಟಿನಲ್ಲೇ ದುಡಿಯಬೇಕಾಗುತ್ತದೆ, ಉಳಿದ ವೋಲ್ಟೇಜ್ ಬಳಕೆಗೆ ಬರುವುದೇ ಇಲ್ಲ. ಬ್ಯಾಟರಿಗೆ ಸೇರುವುದು ಪ್ಯಾನೆಲಿನ ಆಂಪಿಯರ್ ಮಾತ್ರ. ಹಳೆಯ ಎರಡು ಪ್ಯಾನೆಲ್‌ಗಳು ಸಮಾನಾಂತರವಾಗಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಸೇರಿ, ವಯಸ್ಸಾದ ಮೇಲೂ 15 ಆಂಪಿಯರ್ ಹತ್ತಿರ ಕೊಡುತ್ತಿದ್ದವು. ಹೊಸದು 13ನ್ನೂ ಮುಟ್ಟುತ್ತಿರಲಿಲ್ಲ. ವ್ಯಾಟು ಹೆಚ್ಚಾಗಿ ಆಂಪಿಯರ್ ಕಡಿಮೆಯಾಯಿತು. ದೀಪದ ಅವಧಿ ಇಳಿದದ್ದು ಆ ಕಾರಣದಿಂದ.

ಇದಕ್ಕೆ ಪರಿಹಾರ ಎಂಪಿಪಿಟಿ ಕಂಟ್ರೋಲರ್. ಅದು ಪ್ಯಾನೆಲನ್ನು 41 ವೋಲ್ಟಿನ ಹತ್ತಿರದಲ್ಲೇ ದುಡಿಸಿ, ಹೆಚ್ಚಿನ ವೋಲ್ಟೇಜನ್ನು ಕಡಿಮೆ ಮಾಡಿಕೊಂಡು ಅದಕ್ಕೆ ತಕ್ಕಷ್ಟು ಹೆಚ್ಚು ಕರೆಂಟನ್ನು ಬ್ಯಾಟರಿಗೆ ಕೊಡುತ್ತದೆ. ಬಿಸಿಲು, ಧೂಳು, ಕಾವು ಎಲ್ಲ ಕಳೆದು 430 ವ್ಯಾಟು ಸಿಕ್ಕರೂ 13.5 ವೋಲ್ಟಿನಲ್ಲಿ ಸುಮಾರು 32 ಆಂಪಿಯರ್ ಆಗುತ್ತದೆ. ಆದರೆ ಇಲ್ಲಿ ಎರಡನೆಯ ಹೊಂದಾಣಿಕೆಯ ಪ್ರಶ್ನೆ ಎದ್ದೇಳುತ್ತದೆ. 150 ಎಎಚ್ ಟ್ಯೂಬುಲರ್ ಬ್ಯಾಟರಿಗೆ ಹಿತವಾದ ಚಾರ್ಜ್ ಕರೆಂಟು ಅದರ ಸಾಮರ್ಥ್ಯದ ಹತ್ತನೆಯ ಒಂದು ಭಾಗ, ಅಂದರೆ 15 ಆಂಪಿಯರ್. ಐದನೆಯ ಒಂದು ಭಾಗವಾದ 30ನ್ನು ದಾಟುವುದು ಒಳ್ಳೆಯದಲ್ಲ. ಬ್ಯಾಟರಿ ಹಳೆಯದಾದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಆದ್ದರಿಂದ ಚಾರ್ಜ್ ಕರೆಂಟಿನ ಮಿತಿಯನ್ನು ನಾವೇ ಕೂರಿಸಬಹುದಾದ ಕಂಟ್ರೋಲರನ್ನು ಆರಿಸಿ ಅದನ್ನು 20 ಆಂಪಿಯರಿಗೆ ಇಡುವುದು ನನ್ನ ಸಲಹೆ. ಹಾಗೆ ಮಾಡಿದರೆ ಪ್ಯಾನೆಲ್ ದೊಡ್ಡದಿದ್ದದ್ದರಿಂದ ನಷ್ಟವೇನಿಲ್ಲ; ಬೆಳಗಿನ ಎಳೆ ಬಿಸಿಲಿನಲ್ಲೂ ಮೋಡದ ದಿನಗಳಲ್ಲೂ ಆ 20 ಆಂಪಿಯರಿನ ಹತ್ತಿರಕ್ಕೆ ಬೇಗ ತಲುಪಬಹುದು.

ಮಾರುಕಟ್ಟೆಯಲ್ಲಿ ಎಂಪಿಪಿಟಿ ಎಂದು ಮುದ್ರಿಸಿಕೊಂಡ, ಒಳಗೆ ಪಿಡಬ್ಲ್ಯೂಎಂ ಆಗಿರುವ ಅಗ್ಗದ ಪೆಟ್ಟಿಗೆಗಳು ಧಾರಾಳವಾಗಿವೆ. ಅವನ್ನು ಗುರುತಿಸುವುದು ಕಷ್ಟವಲ್ಲ. ಬ್ಯಾಟರಿ ಪೂರ್ತಿ ತುಂಬದ ಹೊತ್ತಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಪೆಟ್ಟಿಗೆಯ ಸೋಲಾರ್ ತುದಿಯ ವೋಲ್ಟೇಜ್ ಅಳೆಯಬೇಕು. ಅದು ಬ್ಯಾಟರಿಯ ವೋಲ್ಟೇಜಿನ ಪಕ್ಕದಲ್ಲೇ ನಿಂತಿದ್ದರೆ, ಒಳಗೆ ಬರುವ ಕರೆಂಟೂ ಹೊರಗೆ ಹೋಗುವ ಕರೆಂಟೂ ಒಂದೇ ಆಗಿದ್ದರೆ, ಮುದ್ರಣ ಏನೇ ಇರಲಿ ಅದು ಪಿಡಬ್ಲ್ಯೂಎಂ. ನಿಜವಾದ ಎಂಪಿಪಿಟಿಯಲ್ಲಿ ಸೋಲಾರ್ ತುದಿಯ ವೋಲ್ಟೇಜ್ ವಿಎಂಪಿಯ ಹತ್ತಿರ ಇರುತ್ತದೆ, ಹೊರಹೋಗುವ ಕರೆಂಟು ಒಳಬರುವುದಕ್ಕಿಂತ ಹೆಚ್ಚಾಗಿರುತ್ತದೆ.

ಬೆಳಗಿನ ಪರೀಕ್ಷೆ: ಬ್ಯಾಟರಿ

ಹೊಸ ಪ್ಯಾನೆಲಿನ ಮೇಲೆ ಅನುಮಾನ ಪಡುವ ಮುನ್ನ ಬ್ಯಾಟರಿಯನ್ನು ಪರೀಕ್ಷಿಸಬೇಕು; ಇಡೀ ವ್ಯವಸ್ಥೆಯಲ್ಲಿ ಮೊದಲು ಸೋಲುವ ಭಾಗ ಅದು. ರಾತ್ರಿ ಲೋಡ್ ಆರಿಸಿ, ಬೆಳಗ್ಗೆ ಬಿಸಿಲು ಬೀಳುವ ಮೊದಲು ತುದಿಗಳಲ್ಲಿ ವೋಲ್ಟೇಜ್ ನೋಡಬೇಕು. ಪೂರ್ತಿ ತುಂಬಿದ ಬ್ಯಾಟರಿ 12.7 ವೋಲ್ಟ್ ತೋರಿಸಬೇಕೆಂಬ ಪಟ್ಟಿ ಎಲ್ಲೆಡೆ ಓಡಾಡುತ್ತದೆ. ಅದು ಗಾಢವಾದ ಆಸಿಡ್ ತುಂಬಿದ ವಾಹನದ ಬ್ಯಾಟರಿಗಳಿಗೆ ಹೊಂದುವ ಸಂಖ್ಯೆ. ನಮ್ಮಲ್ಲಿನ ಸೋಲಾರ್ ಟ್ಯೂಬುಲರ್ ಬ್ಯಾಟರಿಗಳ ಆಸಿಡ್ ತುಂಬಿದಾಗ 1.240ರಿಂದ 1.250 ಸಾಂದ್ರತೆಯದಾಗಿದ್ದು, ವಿಶ್ರಾಂತಿಯಲ್ಲಿರುವಾಗ ಸುಮಾರು 12.5 ವೋಲ್ಟ್ ತೋರಿಸುತ್ತವೆ. ಅದನ್ನು ನೋಡಿ ಬ್ಯಾಟರಿ ತುಂಬುತ್ತಿಲ್ಲವೆಂದು ಭಾವಿಸಿ ಚಾರ್ಜ್ ವೋಲ್ಟೇಜನ್ನು ಏರಿಸಿದರೆ ಒಳ್ಳೆಯ ಬ್ಯಾಟರಿಯನ್ನೇ ಸುಟ್ಟಂತಾಗುತ್ತದೆ.

ವೋಲ್ಟೇಜಿಗಿಂತ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು ಹೆಚ್ಚು ನಂಬಬಹುದು. ಆರು ಮುಚ್ಚಳಗಳನ್ನೂ ತೆಗೆದು ಒಂದೊಂದು ಸೆಲ್ಲಿನ ಸಾಂದ್ರತೆಯನ್ನು ಬರೆದುಕೊಳ್ಳಬೇಕು. ಆರೂ ಒಟ್ಟಾಗಿ ಕೆಳಗಿದ್ದರೆ, ಎಲ್ಲವೂ 1.180ರ ಸುತ್ತ ಇದ್ದವು ಎಂದುಕೊಳ್ಳಿ, ಬ್ಯಾಟರಿಗೆ ಚಾರ್ಜ್ ಸಾಲುತ್ತಿಲ್ಲ. ದೋಷವನ್ನು ಮುಂದೆ ಹುಡುಕಬೇಕು. ಐದು 1.240ರಲ್ಲಿದ್ದು ಒಂದು ಮಾತ್ರ 1.160ರಲ್ಲಿದ್ದರೆ ಆ ಸೆಲ್ ಸೋತಿದೆ, ಎಷ್ಟು ದೊಡ್ಡ ಪ್ಯಾನೆಲ್ ಹಾಕಿದರೂ ಆ ಬ್ಯಾಟರಿ ನಿಲ್ಲುವುದಿಲ್ಲ. ಸೆಲ್ಲುಗಳ ನಡುವಿನ ವ್ಯತ್ಯಾಸ 0.030 ದಾಟಿದರೆ ಎಚ್ಚರ ವಹಿಸಬೇಕು. ಆಗಷ್ಟೇ ನೀರು ಹಾಕಿದ ಬ್ಯಾಟರಿಯಲ್ಲಿ ಈ ಅಳತೆ ಸರಿ ಬರುವುದಿಲ್ಲ. ಒಂದು ಪೂರ್ಣ ಚಾರ್ಜ್ ಆದ ಮೇಲೆ ನೋಡಬೇಕು. ಆಸಿಡ್ 27 ಡಿಗ್ರಿಗಿಂತ ಬಿಸಿಯಾಗಿದ್ದರೆ ಪ್ರತಿ 10 ಡಿಗ್ರಿಗೆ 0.007ರಂತೆ ಸೇರಿಸಿಕೊಳ್ಳಬೇಕು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡಿರಬೇಕು.

24 ವೋಲ್ಟಿನ ವ್ಯವಸ್ಥೆಯಲ್ಲಿ ಎರಡು ಬ್ಯಾಟರಿಗಳು ಸರಣಿಯಲ್ಲಿರುತ್ತವೆ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ಸೇರಿರುತ್ತದೆ. ಕಂಟ್ರೋಲರ್ ನೋಡುವುದು ಎರಡರ ಮೊತ್ತವನ್ನು. ಮೊತ್ತ 28.8 ಸರಿಯಾಗಿಯೇ ಇದ್ದು, ಬಿಡಿಯಾಗಿ ಅಳೆದರೆ ಒಂದರಲ್ಲಿ 15.4, ಇನ್ನೊಂದರಲ್ಲಿ 13.4 ವೋಲ್ಟ್ ಇರುವ ಜೋಡಿಗಳನ್ನು ನೋಡಬಹುದು. ಒಂದು ಅತಿಯಾಗಿ ಕುದಿಯುತ್ತಿದೆ, ಇನ್ನೊಂದು ಅರೆಹೊಟ್ಟೆಯಲ್ಲಿದೆ. ಹಳೆಯ ಬ್ಯಾಟರಿಯ ಜೊತೆಗೆ ಹೊಸದೊಂದನ್ನು ಸರಣಿಯಲ್ಲಿ ಕೂರಿಸಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಬಡವಾದದ್ದನ್ನು ಪ್ರತ್ಯೇಕವಾಗಿ 12 ವೋಲ್ಟಿನ ಚಾರ್ಜರಿನಿಂದ ತುಂಬಿಸಿ ಮತ್ತೆ ಜೋಡಿಸಿ ನೋಡಬಹುದು. ಒಂದೆರಡು ವಾರದಲ್ಲಿ ಅದೇ ವ್ಯತ್ಯಾಸ ಮರಳಿದರೆ ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿ.

ಮಧ್ಯಾಹ್ನದ ಅಳತೆಗಳು

ಹನ್ನೊಂದರಿಂದ ಒಂದು ಗಂಟೆಯೊಳಗೆ, ಮೋಡವಿಲ್ಲದ ದಿನ, ಬ್ಯಾಟರಿಯಿಂದ ಪ್ಯಾನೆಲಿನ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಅಳೆಯುತ್ತಾ ಹೋಗಬೇಕು. ಕರೆಂಟು ಅಳೆಯಲು ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಅನೇಕರ ಬಳಿ ಇರುವುದು ಎಸಿ ಮಾತ್ರ ಅಳೆಯುವಂಥದ್ದು, ಅದು ಇಲ್ಲಿ ಸೊನ್ನೆ ತೋರಿಸುತ್ತದೆ. ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ವೈರು ಹಾಕಿ ಹೊಸ ಪ್ಯಾನೆಲಿನ ಎರಡು ತುದಿಗಳನ್ನು ನೇರವಾಗಿ ಅಳೆಯುವ ಹಳೆಯ ರೂಢಿಯನ್ನು ಬಿಡಬೇಕು. 75 ವ್ಯಾಟಿನ ಕಾಲಕ್ಕೆ ಅದು ನಡೆಯುತ್ತಿತ್ತು; 14 ಆಂಪಿಯರ್ ಕೊಡುವ ಪ್ಯಾನೆಲಿಗೆ ಮೀಟರಿನ ಫ್ಯೂಸ್ ಹೋಗುತ್ತದೆ, ಬಿಡಿಸುವಾಗ ಕಿಡಿಯೂ ಹಾರುತ್ತದೆ.

ಬ್ಯಾಟರಿ ಆಗಲೇ ತುಂಬಿದ್ದರೆ ಕರೆಂಟು ಕಡಿಮೆ ಇರುವುದು ಸಹಜ. ಮೊದಲು ಒಂದಷ್ಟು ಲೋಡ್ ಹಾಕಿ, ಬ್ಯಾಟರಿ 13.5 ವೋಲ್ಟಿಗಿಂತ ಕೆಳಗಿರುವಾಗ ಅಳತೆ ತೆಗೆದುಕೊಳ್ಳಬೇಕು. ಬ್ಯಾಟರಿಯ ಸೀಸದ ತುದಿಯ ಮೇಲೆ ಒಮ್ಮೆ, ಕಂಟ್ರೋಲರಿನ ಬ್ಯಾಟರಿ ಸ್ಕ್ರೂಗಳ ಮೇಲೆ ಒಮ್ಮೆ ವೋಲ್ಟೇಜ್ ನೋಡಿ. ಎರಡರ ನಡುವೆ 0.2 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ನಡುವಿನ ವೈರು, ಲಗ್ (ವೈರಿನ ತುದಿಗೆ ಒತ್ತಿದ ಲೋಹದ ಬಳೆ) ಅಥವಾ ಫ್ಯೂಸಿನಲ್ಲಿ ದೋಷವಿದೆ. ತುದಿಯಲ್ಲಿ ಬೆಳೆದ ಬಿಳಿ-ಹಸಿರು ಪುಡಿಯನ್ನು ಬಿಸಿನೀರಿನಿಂದ ತೊಳೆದು, ಬಿಗಿಮಾಡಿ, ವ್ಯಾಸಲೀನ್ ಹಚ್ಚಿದರೆ ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಹುಳುಮನೆಯ ಒಳಗೇ ಬ್ಯಾಟರಿ ಇಟ್ಟವರಲ್ಲಿ ಈ ಪುಡಿ ಬೇಗ ಬೆಳೆಯುತ್ತದೆ. ಪ್ರತಿ ಬೆಳೆಗೆ ಮುನ್ನ ಸೋಂಕು ತೊಳೆಯಲು ಬಳಸುವ ಬ್ಲೀಚಿಂಗ್ ಪೌಡರಿನ ಆವಿ ತಾಮ್ರವನ್ನೂ ಸೀಸವನ್ನೂ ತಿನ್ನುತ್ತದೆ. ಬ್ಯಾಟರಿಯನ್ನು ಹೊರಗಿನ, ಗಾಳಿಯಾಡುವ, ನೆರಳಿನ ಜಾಗಕ್ಕೆ ಸಾಗಿಸುವುದು ಹುಳುವಿಗೂ ಬ್ಯಾಟರಿಗೂ ಒಳ್ಳೆಯದು.

ಆಮೇಲೆ ಕಂಟ್ರೋಲರಿನ ಸೋಲಾರ್ ತುದಿಯ ವೋಲ್ಟೇಜನ್ನು ಛಾವಣಿಯ ಮೇಲೆ ಪ್ಯಾನೆಲಿನ ತುದಿಯಲ್ಲಿರುವ ವೋಲ್ಟೇಜಿನ ಜೊತೆ ಹೋಲಿಸಬೇಕು. ಹಳೆಯ ಮನೆಗಳಲ್ಲಿ ಇಳಿದುಬರುವ ವೈರು ಸಾಮಾನ್ಯವಾಗಿ 2.5 ಚದರ ಮಿಲಿಮೀಟರಿನದು. ಅದು 10 ಮೀಟರ್ ದೂರವಿದ್ದರೆ ಹೋಗಿಬರುವ ಉದ್ದ 20 ಮೀಟರ್; 13 ಆಂಪಿಯರ್ ಹರಿದಾಗ ಅದರಲ್ಲೇ ಸುಮಾರು 1.9 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಈ ನಷ್ಟ 0.8ರ ಹತ್ತಿರಕ್ಕೆ ಇಳಿಯುತ್ತದೆ. ಎಂಪಿಪಿಟಿ ಇದ್ದರೆ ಪ್ಯಾನೆಲಿನಿಂದ ಕಂಟ್ರೋಲರಿನವರೆಗೆ ವೋಲ್ಟೇಜ್ ಹೆಚ್ಚಿರುವುದರಿಂದ ಅಲ್ಲಿ ಇಷ್ಟು ನಷ್ಟ ಬಾಧಿಸುವುದಿಲ್ಲ; ಆದರೆ ಕಂಟ್ರೋಲರಿನಿಂದ ಬ್ಯಾಟರಿಗೆ ಹೋಗುವ ವೈರು ಆಗ 20–30 ಆಂಪಿಯರ್ ಹೊರಬೇಕಾಗುತ್ತದೆ. ಕಂಟ್ರೋಲರನ್ನು ಬ್ಯಾಟರಿಯಿಂದ ಒಂದೆರಡು ಮೀಟರಿನೊಳಗೆ ಕೂರಿಸಿ 10 ಚದರ ಮಿಲಿಮೀಟರಿನ ವೈರು ಎಳೆಯುವುದು ಉತ್ತಮ.

ವೈರುಗಳನ್ನು ಸೇರಿಸಿದ ಕೂಡುಗಳನ್ನು ಕೈಯಿಂದ ಮುಟ್ಟಿ ನೋಡಬೇಕಾದ ಜಾಗ ಛಾವಣಿ. ಹೊಸ ಪ್ಯಾನೆಲಿನ ವೈರಿಗೆ ಎಂಸಿ4 ಎಂಬ, ಒತ್ತಿ ಸೇರಿಸುವ ಕನೆಕ್ಟರ್ ಇರುತ್ತದೆ, ಹಳೆಯ ವೈರಿಗೆ ಇರುವುದಿಲ್ಲ; ಕನೆಕ್ಟರನ್ನು ಕತ್ತರಿಸಿ, ತಂತಿಗಳನ್ನು ಹೊಸೆದು, ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಒಂದು ಬೇಸಿಗೆಯೊಳಗೆ ಆ ಟೇಪ್ ಕರಗಿ, ತಾಮ್ರ ಕಪ್ಪಾಗಿ, ಕೂಡು ಬಿಸಿಯಾಗತೊಡಗುತ್ತದೆ.

ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕಟ್ಟಿದಾಗ

ಸರಣಿಯಲ್ಲಿ ಕಟ್ಟಿದರೆ ಕಡಿಮೆ ಆಂಪಿಯರಿನ ಪ್ಯಾನೆಲ್ ಇಡೀ ಸಾಲನ್ನು ಹಿಡಿದಿಡುತ್ತದೆ: ಮೂರಿಂಚಿನ ಪೈಪಿನ ಮುಂದೆ ಒಂದಿಂಚಿನ ಪೈಪು ಜೋಡಿಸಿದರೆ ಗದ್ದೆಗೆ ಬೀಳುವುದು ಒಂದಿಂಚಿನ ನೀರೇ. 4.3 ಆಂಪಿಯರಿನ ಹಳೆಯ ಪ್ಯಾನೆಲಿನ ಜೊತೆ 13 ಆಂಪಿಯರಿನದನ್ನು ಸರಣಿಯಲ್ಲಿ ಸೇರಿಸಿದರೆ ಹೊಸದರ ಮೂರನೆಯ ಎರಡು ಭಾಗ ವ್ಯರ್ಥ.

ಸಮಾನಾಂತರದಲ್ಲಿ ಕಟ್ಟಿದಾಗಿನ ತೊಂದರೆ ಬೇರೆ ತರಹದ್ದು, ಮತ್ತು ಹೆಚ್ಚು ಅಪಾಯದ್ದು. ಪಿಡಬ್ಲ್ಯೂಎಂ ಕಂಟ್ರೋಲರಿನಲ್ಲಿ ಬ್ಯಾಟರಿ ಖಾಲಿಯಿರುವಷ್ಟು ಹೊತ್ತು ಎರಡೂ ಪ್ಯಾನೆಲ್ 13 ವೋಲ್ಟಿಗೆ ಇಳಿದು ತಮ್ಮ ತಮ್ಮ ಕರೆಂಟು ಕೊಡುವುದರಿಂದ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಬ್ಯಾಟರಿ ತುಂಬಿ ಕಂಟ್ರೋಲರ್ ಬಿಡಿಸಿಕೊಂಡ ಕೂಡಲೇ ಆ ಎರಡು ಪ್ಯಾನೆಲ್ ಮಾತ್ರ ಒಂದಕ್ಕೊಂದು ಸೇರಿಕೊಂಡಿರುತ್ತವೆ. 49 ವೋಲ್ಟಿಗೆ ಏರಬೇಕೆಂದಿರುವ ಹೊಸದು ತನ್ನ ಬಹುಪಾಲು ಕರೆಂಟನ್ನು 21 ವೋಲ್ಟಿನ ಹಳೆಯದರ ಒಳಗೆ ಹಿಮ್ಮುಖವಾಗಿ ನುಗ್ಗಿಸುತ್ತದೆ. ಹಳೆಯ ಪ್ಯಾನೆಲಿನ ಲೇಬಲ್ಲಿನಲ್ಲಿ ಗರಿಷ್ಠ ಫ್ಯೂಸ್ 10 ಆಂಪಿಯರ್ ಎಂದಿದ್ದರೆ ಈ 14 ಆಂಪಿಯರ್ ಅದರ ಮಿತಿಯನ್ನು ಮೀರಿದ್ದು. ಸುಮಾರು 300 ವ್ಯಾಟಿನಷ್ಟು ಕಾವು ಬಿಸಿಲಿನ ಕಾವಿನ ಮೇಲೆ ಬಂದು ಕೂರುತ್ತದೆ. ಮಧ್ಯಾಹ್ನ ಎರಡರ ಮೇಲೆ, ಬ್ಯಾಟರಿ ತುಂಬಿರುವಾಗ, ಹಳೆಯ ಪ್ಯಾನೆಲಿನ ವೈರಿಗೆ ಕ್ಲ್ಯಾಂಪ್ ಹಾಕಿ ನೋಡಿ. ಬೆಳಗ್ಗೆ ಪ್ಲಸ್ ತೋರಿಸಿದ ಮೀಟರ್ ಈಗ ಮೈನಸ್ ತೋರಿಸಿದರೆ ಇದೇ ದೋಷ. ಸೆಲ್ಲುಗಳ ಮೇಲೆ ಕಂದು ಬಣ್ಣ, ಹಿಂಬದಿಯ ಬಿಳಿ ಹಾಳೆಯಲ್ಲಿ ಗುಳ್ಳೆ ಕಂಡರೆ ಬಹಳ ದಿನಗಳಿಂದ ನಡೆದಿದೆ ಎಂದರ್ಥ. ಇದನ್ನು ಕಂಡ ದಿನವೇ ಬಿಡಿಸಬೇಕು.

ಹಳೆಯ ಪ್ಯಾನೆಲನ್ನು ಉಳಿಸಿಕೊಳ್ಳಬೇಕೆಂದರೆ ಸರಿಯಾದ ದಾರಿ ಒಂದೇ: ಅದಕ್ಕೆ ಅದರ ಹಳೆಯ ಪಿಡಬ್ಲ್ಯೂಎಂ ಕಂಟ್ರೋಲರ್ ಇರಲಿ, ಹೊಸದಕ್ಕೆ ಅದರದೇ ಎಂಪಿಪಿಟಿ ಇರಲಿ, ಎರಡೂ ಬೇರೆ ಬೇರೆ ಫ್ಯೂಸಿನ ಮೂಲಕ ಒಂದೇ ಬ್ಯಾಟರಿಗೆ ಬರಲಿ. ಒಂದು ಬ್ಯಾಟರಿಗೆ ಎರಡು ಕಂಟ್ರೋಲರ್ ಕಟ್ಟಬಾರದೆಂಬ ಮಾತಿನಲ್ಲಿ ಹುರುಳಿಲ್ಲ. ಎರಡರ ಚಾರ್ಜ್ ವೋಲ್ಟೇಜುಗಳನ್ನೂ ಒಂದೇ ಆಗಿ ಇಡಬೇಕು, ಒಟ್ಟು ಕರೆಂಟು ಬ್ಯಾಟರಿಯ ಮಿತಿಯೊಳಗಿರಬೇಕು, ಅಷ್ಟೇ. ಸಂಜೆಯ ಹೊತ್ತಿಗೆ ಒಂದು ಬೇಗ ನಿಂತು ಇನ್ನೊಂದು ಮಾತ್ರ ನಡೆಯುತ್ತಿದ್ದರೆ ಅದು ದೋಷವಲ್ಲ.

ಚಳಿಯ ಬೆಳಗ್ಗೆ ಕಂಟ್ರೋಲರ್ ಸತ್ತರೆ, ಏಪ್ರಿಲ್‌ನಲ್ಲಿ ಚಾರ್ಜ್ ನಿಂತರೆ

ಪ್ಯಾನೆಲ್ ತಣ್ಣಗಿದ್ದಷ್ಟೂ ಅದರ ವೋಲ್ಟೇಜ್ ಏರುತ್ತದೆ, ಬಿಸಿಯಾದಷ್ಟೂ ಇಳಿಯುತ್ತದೆ. ಲೇಬಲ್ಲಿನ ಸಂಖ್ಯೆಗಳು 25 ಡಿಗ್ರಿಯವು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನಂದಿಬೆಟ್ಟದ ಸುತ್ತಮುತ್ತ 10 ಡಿಗ್ರಿಯ ಚಳಿಯಿದ್ದಾಗ ಮೊದಲ ಬಿಸಿಲು ತಾಗಿದರೆ 49.5 ವೋಲ್ಟಿನ ವಿಒಸಿ 51.5ಕ್ಕೆ ಏರಬಹುದು. ಕಂಟ್ರೋಲರಿನ ಮಿತಿ 50 ವೋಲ್ಟ್ ಇದ್ದರೆ ಬೇಸಿಗೆಯಿಡೀ ನಡೆದದ್ದು ಚಳಿಗಾಲದಲ್ಲಿ ಸಾಯುವುದು ಹೀಗೆ. ಇದೇ ತಪ್ಪು 100 ವೋಲ್ಟ್ ಮಿತಿಯ ಎಂಪಿಪಿಟಿಗೆ ಎರಡು ದೊಡ್ಡ ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಕಟ್ಟುವವರಲ್ಲೂ ಆಗುತ್ತದೆ: ಲೇಬಲ್ ಪ್ರಕಾರ 99 ವೋಲ್ಟ್, ಚಳಿಯಲ್ಲಿ 103. ಅಂಥಲ್ಲಿ ಎರಡನ್ನೂ ಸಮಾನಾಂತರದಲ್ಲೇ ಕಟ್ಟಬೇಕು. ವಿಒಸಿಗೆ ನೂರಕ್ಕೆ ಐದರಷ್ಟು ಸೇರಿಸಿದ ಮೇಲೂ ಕಂಟ್ರೋಲರಿನ ಮಿತಿಗೆ ಒಳಗಿದ್ದರೆ ಮಾತ್ರ ನಮ್ಮ ಜಿಲ್ಲೆಗಳಲ್ಲಿ ಧೈರ್ಯವಾಗಿ ಜೋಡಿಸಬಹುದು.

ಇದಕ್ಕೆ ವಿರುದ್ಧವಾದ ದೋಷ ಬಾಗೇಪಲ್ಲಿ, ಗೌರಿಬಿದನೂರು ಕಡೆ ಬೇಸಿಗೆಯಲ್ಲಿ ಕಾಣುತ್ತದೆ. 24 ವೋಲ್ಟಿನ ಬ್ಯಾಟರಿಗೆ 60 ಸೆಲ್ಲಿನ ಪ್ಯಾನೆಲ್ ಹಾಕಿದವರಿಗೆ ಡಿಸೆಂಬರಿನಲ್ಲಿ ಚಾರ್ಜ್ ಚೆನ್ನಾಗಿರುತ್ತದೆ. ಏಪ್ರಿಲ್‌ನಲ್ಲಿ ಪ್ಯಾನೆಲ್ 65 ಡಿಗ್ರಿಗೆ ಕಾದಾಗ ಅದರ 30 ವೋಲ್ಟ್ 26ರ ಹತ್ತಿರಕ್ಕೆ ಇಳಿದು, 28.8 ವೋಲ್ಟಿಗೆ ಏರಬೇಕಾದ ಬ್ಯಾಟರಿ ಎಂದೂ ತುಂಬುವುದಿಲ್ಲ. ಅಂಥ ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಕಟ್ಟಿ ಎಂಪಿಪಿಟಿಗೆ ಕೊಡದ ಹೊರತು ಇದು ಸರಿಹೋಗದು.

ಬ್ಯಾಟರಿ ಕುದಿಯುತ್ತಿದ್ದರೆ

ದಿನವೂ ಗುಳುಗುಳು ಸದ್ದು, ಬ್ಯಾಟರಿಯ ಮೈ ಬಿಸಿ, ತಿಂಗಳಿಗೊಮ್ಮೆ ನೀರು ಎಂದರೆ ಮೊದಲು ಕಂಟ್ರೋಲರ್ ಯಾವ ವೋಲ್ಟೇಜಿನ ವ್ಯವಸ್ಥೆ ಎಂದು ತಿಳಿದುಕೊಂಡಿದೆ ಎಂಬುದನ್ನು ನೋಡಬೇಕು. 12 ಮತ್ತು 24 ಎರಡಕ್ಕೂ ತಾನೇ ಹೊಂದಿಕೊಳ್ಳುವ ಕಂಟ್ರೋಲರ್ ಚಾಲೂ ಆಗುವಾಗ ಬ್ಯಾಟರಿಯ ತುದಿಯಲ್ಲಿ ಕಾಣುವ ವೋಲ್ಟೇಜಿನ ಮೇಲೆ ತೀರ್ಮಾನಿಸುತ್ತದೆ. ಬ್ಯಾಟರಿಯ ಲಗ್ ಸಡಿಲವಿದ್ದು, ಪ್ಯಾನೆಲ್ ಮೊದಲು ಸೇರಿದ್ದರೆ ಅದಕ್ಕೆ ಹೆಚ್ಚಿನ ವೋಲ್ಟೇಜ್ ಕಂಡು 24 ಎಂದು ಭಾವಿಸಿಬಿಡಬಹುದು. ಆಮೇಲೆ 12 ವೋಲ್ಟಿನ ಬ್ಯಾಟರಿ ಎಂದೂ ಮುಟ್ಟಲಾಗದ 28.8 ವೋಲ್ಟಿಗಾಗಿ ಅದು ಚಾರ್ಜ್ ಮಾಡುತ್ತಲೇ ಇರುತ್ತದೆ. ಆದ್ದರಿಂದ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಡಿಸುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಈ ಕ್ರಮವನ್ನು ಕಂಟ್ರೋಲರಿನ ಪಕ್ಕದ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ವೋಲ್ಟೇಜಿನ ತಿಳಿವಳಿಕೆ ಸರಿಯಿದ್ದರೆ ಕೂರಿಸಿದ ಮಟ್ಟಗಳನ್ನು ನೋಡಿ: 25 ಡಿಗ್ರಿಯಲ್ಲಿ ಪೂರ್ಣ ಚಾರ್ಜ್ 14.4, ಅದಾದ ಮೇಲೆ ಕಾಯ್ದುಕೊಳ್ಳಲು 13.5ರಿಂದ 13.8. ಬ್ಯಾಟರಿ ಇರುವ ಜಾಗ 35 ಡಿಗ್ರಿಯಿದ್ದರೆ ಇವನ್ನು 0.2ರಿಂದ 0.3 ವೋಲ್ಟ್ ಇಳಿಸಬೇಕು. ತಾಪಮಾನದ ಸೆನ್ಸರ್ ಇದ್ದರೆ ಅದನ್ನು ಬ್ಯಾಟರಿಯ ಮೈಗೆ ಅಂಟಿಸಬೇಕೇ ಹೊರತು ಕಂಟ್ರೋಲರಿನ ಬಳಿ ನೇತುಹಾಕಬಾರದು.

ನೀರಿನ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡುವಂತಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನಲ್ಲಿ ಲವಣಾಂಶ ಹೆಚ್ಚು. ಅದನ್ನು ಬ್ಯಾಟರಿಗೆ ಹಾಕಿದರೆ ಸೆಲ್ಲುಗಳ ಆಯುಷ್ಯ ಇಳಿಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರೂ ಇದಕ್ಕೆ ಆಗದು, ಅದರಲ್ಲಿಯೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಅದೂ ಚಾರ್ಜ್ ಮುಗಿದ ಮೇಲೆ, ನೀರಿನ ಮಟ್ಟ ತೋರಿಸುವ ತೇಲುಬೊಟ್ಟಿನ ಗುರುತಿನವರೆಗೆ ಮಾತ್ರ. ಆಸಿಡ್ ಸೇರಿಸಬಾರದು.

ನೆರಳು ಮತ್ತು ಸ್ಟ್ಯಾಂಡು

ಹೊಸ ಪ್ಯಾನೆಲಿನ ಅಗಲ ಹಳೆಯದರ ಜಾಗಕ್ಕೆ ಹೊಂದದೆ ಅದನ್ನು ನೀರಿನ ಟ್ಯಾಂಕಿನ ಪಕ್ಕಕ್ಕೆ ಸರಿಸಿರುತ್ತಾರೆ. ಜೂನಿನಲ್ಲಿ ಅಲ್ಲಿ ನೆರಳಿರುವುದಿಲ್ಲ. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ, ಒಂದು ಮೀಟರ್ ಎತ್ತರದ ವಸ್ತು ಮುಕ್ಕಾಲು ಮೀಟರ್ ನೆರಳನ್ನು ಉತ್ತರಕ್ಕೆ ಚೆಲ್ಲುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಹೊಸ ಪ್ಯಾನೆಲ್‌ಗಳಲ್ಲಿ ಸೆಲ್ಲುಗಳನ್ನು ಎರಡು ಅರ್ಧಗಳಾಗಿ ಜೋಡಿಸಿರುವುದರಿಂದ ಒಂದು ಅರ್ಧಕ್ಕೆ ನೆರಳು ಬಿದ್ದರೂ ಇನ್ನೊಂದು ಅರ್ಧ ಕೆಲಸ ಮಾಡುತ್ತದೆ ನಿಜ, ಆದರೆ ತೆಂಗಿನ ಗರಿಯ ನೆರಳು ಎರಡೂ ಅರ್ಧಗಳ ಮೇಲೆ ಅಡ್ಡಾಡಿದರೆ ಆ ಅನುಕೂಲವೂ ಇಲ್ಲ. ಎರಡೂಕಾಲು ಮೀಟರ್ ಉದ್ದ, 27 ಕಿಲೋಗೂ ಮೀರಿದ ತೂಕದ ಪ್ಯಾನೆಲನ್ನು 75 ವ್ಯಾಟಿನದಕ್ಕೆ ಮಾಡಿಸಿದ ಸ್ಟ್ಯಾಂಡಿಗೆ ಬಿಗಿಯಬಾರದು. ಆಷಾಢದ ಗಾಳಿಗೆ ಅದು ನಿಲ್ಲುವುದಿಲ್ಲ.

ಫ್ಯೂಸು ಮತ್ತು ಎಂಸಿಬಿ ಬದಲಿಸುವಾಗ ಡಿಸಿಯವೇ ಆಗಿರಬೇಕು. ಮನೆಯ ಎಸಿ ಎಂಸಿಬಿಯನ್ನು 49 ವೋಲ್ಟಿನ ಡಿಸಿಗೆ ಹಾಕಿದರೆ ಬಿಡಿಸುವಾಗಿನ ಕಿಡಿಯನ್ನು ಅದು ಆರಿಸಲಾರದೆ ಒಳಗೇ ಸುಡಬಹುದು. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ, 30 ಆಂಪಿಯರಿನ ಕಂಟ್ರೋಲರಿಗೆ 40 ಆಂಪಿಯರಿನಂತೆ, ಒಂದು ಡಿಸಿ ಫ್ಯೂಸ್ ಇರಬೇಕು.

ಸರಿಪಡಿಸಿದ ಮೇಲೆ

ಕಂಟ್ರೋಲರ್ ಬದಲಿಸಿದ ಮೊದಲ ವಾರ ಪೂರ್ಣ ಲೋಡ್ ಹಾಕದೆ, ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ ನಿಧಾನವಾಗಿ ತುಂಬಲು ಬಿಡಬೇಕು. ದಿನವೂ ಮಧ್ಯಾಹ್ನದ ಹೊತ್ತಿಗೆ 14.4 ಮುಟ್ಟಿ, ಒಂದೆರಡು ಗಂಟೆ ಅಲ್ಲೇ ನಿಂತು, ಕರೆಂಟು 3–4 ಆಂಪಿಯರಿಗೆ ಇಳಿಯುತ್ತಿದೆಯೇ ನೋಡಿ. ಮುಟ್ಟಿದರೂ ಬೆಳಗ್ಗೆ ಸಾಂದ್ರತೆ 1.200 ದಾಟದಿದ್ದರೆ ಪ್ಲೇಟುಗಳಲ್ಲಿ ಸಲ್ಫೇಟ್ ಕೂತಿದೆ ಎಂದು ತಿಳಿದು, ಬ್ಯಾಟರಿ ತಯಾರಕರ ಸೂಚನೆಯಂತೆ 15ರಿಂದ 15.5 ವೋಲ್ಟಿನಲ್ಲಿ, ಎಲ್ಲ ಸೆಲ್ಲುಗಳನ್ನೂ ಒಂದೇ ಮಟ್ಟಕ್ಕೆ ತರುವ ಸಮತೋಲನದ ಚಾರ್ಜ್ ಒಂದೆರಡು ಸಲ ಕೊಡಬಹುದು. ಆಗ ಲೋಡಿನ ಎಲ್ಇಡಿ ದೀಪಗಳನ್ನು ಬಿಡಿಸಿಟ್ಟಿರಬೇಕು, ಕಿಟಕಿ ತೆರೆದಿರಬೇಕು, ಹತ್ತಿರ ಒಲೆಯಾಗಲಿ ಬೀಡಿಯಾಗಲಿ ಇರಬಾರದು. ಅದಾದ ಮೇಲೂ ಆರು ಸೆಲ್ಲುಗಳು 1.220ಕ್ಕೆ ಏರದಿದ್ದರೆ ಬ್ಯಾಟರಿಯನ್ನು ಬದಲಿಸಬೇಕು. ಆ ಹೊತ್ತಿಗೆ ಪ್ಯಾನೆಲ್ ಮತ್ತು ಕಂಟ್ರೋಲರ್ ಹೊಂದಿಕೊಂಡಿರುವುದರಿಂದ ಹೊಸ ಬ್ಯಾಟರಿಗೆ ಎಷ್ಟು ಎಎಚ್ ಬೇಕೆಂಬುದನ್ನು ರಾತ್ರಿಯ ಲೋಡಿನ ಲೆಕ್ಕದಿಂದ ನೇರವಾಗಿ ಕಟ್ಟಬಹುದು: ಆಂಪಿಯರನ್ನು ಗಂಟೆಗಳಿಂದ ಗುಣಿಸಿ, ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯದಂತೆ ಅದನ್ನು ಎರಡರಷ್ಟು ಮಾಡಿಕೊಂಡರೆ ಸಾಕು.